ಸಾಕ್ಷಿಯೆಂದು ಕರೆದವರು ಸಂಜೆಯಾದರೂ ಬಿಡದಿದ್ದರೆ: ಭಯೋತ್ಪಾದನೆ ಪ್ರಕರಣದ ನೋಟಿಸು ಬಂದ ಗಡಿನಾಡಿನವರಿಗೆ

ಕಾಸರಗೋಡಿನ ವಿದ್ಯಾನಗರದಲ್ಲಿ ಮಲಯಾಳಂ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ನಿತ್ಯದ ಕೆಲಸಗಳಲ್ಲೊಂದು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆಯಿಂದ ಬರುವವರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಡುತ್ತಾರೆ. ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: ‘ಇದು ಸಾಕ್ಷಿಗೆ ಬಂದದ್ದು ತಾನೆ? ಹೋದರೆ ವಾಪಸು ಬಿಡುತ್ತಾರಲ್ಲವೇ?’ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿದ್ದನ್ನು ಈಗ ಬರೆದಿಡುತ್ತಿದ್ದೇನೆ. ಇದು ವಕೀಲರ ಬದಲಿಗಲ್ಲ, ವಕೀಲರು ಸಿಗುವವರೆಗಿನ ಹೊತ್ತಿಗೆ.

ಬರುವವರಲ್ಲಿ ಹೆಚ್ಚಿನವರು ಯಾವ ಸಂಘಟನೆಯ ನೆರಳನ್ನೂ ಕಂಡವರಲ್ಲ. ಯಾರಿಗೋ ಕೋಣೆ ಬಾಡಿಗೆಗೆ ಕೊಟ್ಟವರು, ಸಿಮ್ ಮಾರಿದ ಅಂಗಡಿಯವರು, ಕಾರು ಬಾಡಿಗೆಗೆ ಓಡಿಸುವವರು, ಗಲ್ಫಿನಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು. 2016ರಲ್ಲಿ ಪಡನ್ನ, ತೃಕ್ಕರಿಪುರ ಕಡೆಯ ಹಲವರು ಐಎಸ್ ಭಯೋತ್ಪಾದಕ ಸಂಘಟನೆ ಸೇರಲು ದೇಶ ಬಿಟ್ಟ ಪ್ರಕರಣ ರಾಷ್ಟ್ರೀಯ ತನಿಖಾ ದಳಕ್ಕೆ, ಅಂದರೆ ಎನ್‌ಐಎಗೆ ಹೋಯಿತು. 2022ರ ನವೆಂಬರಿನಲ್ಲಿ ಮಂಗಳೂರಿನ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿದದ್ದರ ತನಿಖೆಯೂ ಅಲ್ಲಿಗೇ ಹೋಯಿತು. ತಲಪಾಡಿಯ ಆಚೆಗೂ ಈಚೆಗೂ ವ್ಯವಹಾರ ಇಟ್ಟುಕೊಂಡ ನಮಗೆ ನೋಟಿಸು ಕೊಚ್ಚಿಯಿಂದಲೂ ಬರಬಹುದು, ಬೆಂಗಳೂರಿನಿಂದಲೂ ಬರಬಹುದು.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಾಕ್ಷಿಯ ನೋಟಿಸಿನ ಮೇಲೆ ತನಿಖಾಧಿಕಾರಿಯ ಎದುರು ಕುಳಿತಾಗ ನೀವು ಒಂದೋ ಸಾಕ್ಷಿ, ಇಲ್ಲವೇ ಬಂಧಿತ. ಸಾಕ್ಷಿಯಾದರೆ ಎದ್ದು ಮನೆಗೆ ಹೋಗಬಹುದು. ಬಂಧಿತರಾದರೆ ಬಂಧನದ ಕಾಗದ ಬೇಕು, ಕಾರಣ ಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಖ ಕಾಣಬೇಕು. ಹೊಡೆತ, ನಿದ್ದೆಗೆಡಿಸುವುದು, ಮನೆಯವರ ಹೆಸರು ಹಿಡಿದು ಬೆದರಿಸುವುದು, ಖಾಲಿ ಹಾಳೆಗೆ ಸಹಿ, ಇವೆಲ್ಲ ಹೆಚ್ಚಾಗಿ ನಡೆಯುವುದು ಎರಡಕ್ಕೂ ಸೇರದ ಹೊತ್ತಿನಲ್ಲಿ, ‘ಸ್ವಲ್ಪ ಕುಳಿತಿರಿ, ಸಾಹೇಬರು ಬರಲಿ’ ಎಂದ ಮೇಲೆ. ಆ ಹೊತ್ತಿಗೆ ಠಾಣೆಯ ಪುಸ್ತಕದಲ್ಲಿ ಲೆಕ್ಕವೇ ಇರುವುದಿಲ್ಲ. ಲೆಕ್ಕ ಇಡುವವರು ನೀವೇ ಆಗಬೇಕು.

ಅಮೆರಿಕದಲ್ಲಿ ಸಾಕ್ಷಿಯನ್ನೇ ಹಿಡಿದಿಡಲು ಕಾನೂನು ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಯಾವ ಆರೋಪವೂ ಇಲ್ಲದ ಹಲವರನ್ನು ಅಲ್ಲಿ ಅದೇ ಹೆಸರಿನಲ್ಲಿ ಸೆರೆಯಲ್ಲಿಟ್ಟರು. ಅವರಲ್ಲೊಬ್ಬ ಹೂಡಿದ ದಾವೆ 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮ ಠಾಣೆಗಳಿಗೆ ಅಂಥ ಅಧಿಕಾರವಿಲ್ಲ. ಕೋರ್ಟಿಗೆ ಹಾಜರಾಗುತ್ತೇನೆಂದು ಬಾಂಡ್ ಬರೆದುಕೊಡಲು ಒಪ್ಪದ ಸಾಕ್ಷಿಯನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಬಳಿಗೆ ಒಯ್ಯಬಹುದು, ಅಷ್ಟೇ. ತಡೆದಿಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಮ್ಯಾಜಿಸ್ಟ್ರೇಟರು.

ಹಂತ 1: ಕಾಗದದಲ್ಲಿ ಕಲಂ ಸಂಖ್ಯೆ ಹುಡುಕಿ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಾಗದಗಳಲ್ಲಿ ಬಿಎನ್‌ಎಸ್‌ಎಸ್ ಎಂದಿರುತ್ತದೆ. ಕಲಂ 179 ಎಂದಿದ್ದರೆ ನಿಮ್ಮನ್ನು ಸಾಕ್ಷಿಯಾಗಿ ಕರೆದಿದ್ದಾರೆ (ಹಿಂದೆ ಇದು 160). ಕಲಂ 35(3) ಎಂದಿದ್ದರೆ ನಿಮ್ಮ ಮೇಲೆಯೇ ಸಂಶಯವಿದೆ (ಹಿಂದೆ 41ಎ); ಆಗ ವಕೀಲರನ್ನು ಕಾಣದೆ ಅಂಗಳ ದಾಟಬೇಡಿ. ಕಲಂ 94 ದಾಖಲೆಯನ್ನೋ ವಸ್ತುವನ್ನೋ ತಂದು ಒಪ್ಪಿಸಲು. ಯುಎಪಿಎ, ಅಂದರೆ 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ 43ಎಫ್ ಎಂದಿದ್ದರೆ ಮಾಹಿತಿ ಕೊಡಲೇಬೇಕೆಂಬ ಆದೇಶ. ಅದಕ್ಕೆ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಲಿಖಿತ ಪೂರ್ವಾನುಮತಿ ಇರಬೇಕು. ಕೊಡದಿದ್ದರೆ ಅಥವಾ ಬೇಕೆಂದೇ ಸುಳ್ಳು ಕೊಟ್ಟರೆ ಮೂರು ವರ್ಷದವರೆಗೆ ಸೆರೆಯಾಗಬಹುದು.

ಇನ್ನು ಭಾಷೆಯ ಬಲೆ. ‘ಪ್ರತಿ’ ಎಂದರೆ ನಮಗೆ ನಕಲು. ಮಲಯಾಳಂ ಪೊಲೀಸ್ ಕಾಗದದಲ್ಲಿ ‘ಪ್ರತಿ’ ಎಂದರೆ ಆರೋಪಿ. ‘ಒನ್ನಾಂ ಪ್ರತಿ’ ಒಂದನೇ ಆರೋಪಿಯೇ ಹೊರತು ಮೊದಲ ನಕಲಲ್ಲ. ಅರ್ಧಂಬರ್ಧ ಅಕ್ಷರ ಕೂಡಿಸಿ ಓದಿದವರೊಬ್ಬರು ‘ನನ್ನ ಹೆಸರಿನ ಪಕ್ಕ ನಾಲ್ಕನೇ ಪ್ರತಿ ಅಂತ ಇದೆ, ಉಳಿದ ಮೂರು ಪ್ರತಿ ಯಾರಿಗೆ ಕಳುಹಿಸಿದ್ದಾರೋ’ ಎಂದು ನನ್ನೆದುರೇ ಆಶ್ಚರ್ಯಪಟ್ಟಿದ್ದರು. ‘ಮೊಳಿ’ ಎಂದರೆ ಹೇಳಿಕೆ. ‘ಮಾಪ್ಪುಸಾಕ್ಷಿ’ ಎಂದರೆ ಮಾಫಿ ಸಾಕ್ಷಿ, ತಪ್ಪೊಪ್ಪಿ ಕ್ಷಮೆ ಪಡೆದು ಉಳಿದವರ ವಿರುದ್ಧ ಸಾಕ್ಷಿ ಹೇಳುವವನು. ‘ಸಾಕ್ಷಿ’ ಮಾತ್ರ ಎರಡೂ ಕಡೆ ಸಾಕ್ಷಿಯೇ, ಪುಣ್ಯಕ್ಕೆ. ಕಾಗದವನ್ನು ಮಲಯಾಳಂ ಚೆನ್ನಾಗಿ ಬಲ್ಲವರಿಂದ ಪೂರ್ತಿ ಓದಿಸಿ. ನೋಟಿಸು ತಂದ ಪೊಲೀಸರೇ ಬಾಯಲ್ಲಿ ಹೇಳಿದ ಸಾರಾಂಶವನ್ನು ನೆಚ್ಚಿಕೊಳ್ಳಬೇಡಿ.

ಫೋನಿನಲ್ಲಿ ಕರೆದರೆ? ಕಲಂ 179ರ ಆದೇಶ ಲಿಖಿತವಾಗಿರಬೇಕು. ‘ಬರಲು ಸಿದ್ಧನಿದ್ದೇನೆ, ದಯವಿಟ್ಟು ಲಿಖಿತ ನೋಟಿಸು ಕಳುಹಿಸಿ’ ಎಂದು ಅದೇ ನಂಬರಿಗೆ ಸಂದೇಶ ಹಾಕಿ, ಪರದೆಯ ಚಿತ್ರ ಉಳಿಸಿಕೊಳ್ಳಿ. ವೀಡಿಯೊ ಕರೆಯಲ್ಲಿ ಬಂದು ‘ಎನ್‌ಐಎ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎನ್ನುವವನು ದುಡ್ಡು ಕೀಳುವ ಕಳ್ಳ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಟ್ಟು 1930ಕ್ಕೆ ದೂರು ಕೊಡಿ.

ಹಂತ 2: ಹೊರಡುವ ಮುನ್ನ

ನಿಮ್ಮನ್ನು ಠಾಣೆಗೆ ಕರೆಯಬಹುದೇ ಎಂದು ಮೊದಲು ನೋಡಿ. ಮಹಿಳೆಯರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ಮಾನಸಿಕ ಅಸ್ವಸ್ಥರು, ತೀವ್ರ ಕಾಯಿಲೆಯವರು, ಇವರನ್ನು ಅವರ ವಾಸಸ್ಥಳದಲ್ಲಿಯೇ ವಿಚಾರಿಸಬೇಕು. ಹಳೆಯ ಕಾನೂನಿನಲ್ಲಿ 65 ಇದ್ದ ವಯಸ್ಸು ಈಗ 60ಕ್ಕೆ ಇಳಿದಿದೆ. ಹಲವು ಠಾಣೆಗಳ ಗೋಡೆಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಉಳಿದಿರುವ ಸಾಧ್ಯತೆ ಇದೆ, ವಾದ ಮಾಡದೆ ಕಲಂ 179 ತೋರಿಸಿ. ನೀವಾಗಿ ಒಪ್ಪಿದರೆ ಮಾತ್ರ ಠಾಣೆಗೆ ಹೋಗಬಹುದು. ಕಾನೂನು ನಿಷೇಧಿಸಿದ್ದನ್ನು ತಿಳಿದೂ ಒಬ್ಬರನ್ನು ಒಂದೆಡೆ ಬರುವಂತೆ ಬಲವಂತಪಡಿಸಿದ ಸರ್ಕಾರಿ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗದಲ್ಲಿ ಬಂದದ್ದು) ಕಲಂ 199ರಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ಇದೆ. ಇದನ್ನು ಬಾಯಲ್ಲಿ ಹೇಳಿ ಸಿಟ್ಟು ತರಿಸಬೇಡಿ, ಪತ್ರದಲ್ಲಿ ಬರೆಯಿರಿ.

ಕರೆದದ್ದು ಕೊಚ್ಚಿಗೆ ಅಥವಾ ಬೆಂಗಳೂರಿಗೆ ಆದರೆ ಇನ್ನೊಂದು ವಿಷಯ. ತನ್ನ ಠಾಣೆಯ ಅಥವಾ ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿರುವವರನ್ನು ಕರೆಯಬಹುದು ಎನ್ನುತ್ತದೆ ಕಲಂ 179. ನಮ್ಮ ವ್ಯಾಪ್ತಿ ಇಡೀ ದೇಶ ಎನ್ನುತ್ತದೆ ಎನ್‌ಐಎ. ಈ ಜಗಳ ನಿಮ್ಮದಲ್ಲ, ವಕೀಲರದ್ದು. ನೋಟಿಸನ್ನು ಲೆಕ್ಕಿಸದೆ ಮನೆಯಲ್ಲಿ ಕುಳಿತರೆ ಅದೇ ಒಂದು ಅಪರಾಧವಾಗುತ್ತದೆ. ನೀವು ಮಾಡಬೇಕಾದದ್ದು ಇಂಥದೊಂದು ಪತ್ರವನ್ನು ಇ-ಮೇಲಿನಲ್ಲಿಯೂ ಸ್ಪೀಡ್ ಪೋಸ್ಟಿನಲ್ಲಿಯೂ ಕಳುಹಿಸುವುದು:

‘ತಾವು ಇಂಥ ದಿನಾಂಕದಂದು ಕಲಂ 179ರಡಿ ಕಳುಹಿಸಿದ ನೋಟಿಸು ತಲುಪಿದೆ. ತನಿಖೆಗೆ ಸಹಕರಿಸಲು ಸಿದ್ಧನಿದ್ದೇನೆ. ನಾನು ಸಾಕ್ಷಿಯಾಗಿ ಬರುತ್ತಿದ್ದೇನೆ ಎಂದು ತಿಳಿದಿದ್ದೇನೆ. ನನಗೆ ಮಲಯಾಳಂ ಓದಲು ಬರುವುದಿಲ್ಲ. ವಿಚಾರಣೆಗೆ ಕನ್ನಡ ಬಲ್ಲವರು ಬೇಕು. ಸಾಧ್ಯವಾದರೆ ಕಾಸರಗೋಡಿನಲ್ಲಿಯೇ ವಿಚಾರಿಸಬೇಕೆಂದೂ ಇಲ್ಲವಾದರೆ ಪ್ರಯಾಣ ವೆಚ್ಚ ಕೊಡಬೇಕೆಂದೂ ಕೋರುತ್ತೇನೆ.’

ಮೂರನೆಯ ವಾಕ್ಯ ಮುಖ್ಯ. ಅದಕ್ಕೆ ಅವರು ಉತ್ತರ ಕೊಡದಿದ್ದರೂ ಮುಂದೆ ಕೋರ್ಟಿನಲ್ಲಿ ಆ ಸಾಲು ನಿಮ್ಮ ಪರ ಮಾತನಾಡುತ್ತದೆ.

ಕೊಚ್ಚಿಗೆ ಹೋಗಲೇಬೇಕಾದರೆ ಒಬ್ಬರೇ ಹೋಗಬೇಡಿ. ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬೆಳಿಗ್ಗೆ ನೇರ ಕಚೇರಿಗೆ ಹೋಗುವವರೇ ಜಾಸ್ತಿ. ನಾಲ್ಕುನೂರು ಕಿಲೋಮೀಟರಿನ ದಣಿವಿನಲ್ಲಿ ನೆನಪು ತಪ್ಪುತ್ತದೆ, ತಪ್ಪಿದ ನೆನಪು ಸುಳ್ಳಾಗಿ ದಾಖಲಾಗುತ್ತದೆ. ಒಂದು ದಿನ ಮೊದಲೇ ಹೋಗಿ ಮಲಗಿ.

ಜೊತೆಯವರು ಹೊರಗೆ ಇರಬೇಕು. ಅವರ ಕೈಯಲ್ಲಿ ನೋಟಿಸಿನ ಛಾಯಾಪ್ರತಿ, ವಕೀಲರ ನಂಬರು, ನೀವು ತಿನ್ನುವ ಮಾತ್ರೆಗಳ ಪಟ್ಟಿ, ಒಂದು ನೋಟು ಪುಸ್ತಕ. ನೀವು ಒಳಗೆ ಹೋದ ಗಂಟೆ, ನಿಮಿಷ ಆ ಪುಸ್ತಕದ ಮೊದಲ ಸಾಲು. ವಕೀಲರಿಗೆ ಹಣವಿಲ್ಲ ಎನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನು ಪಡೆಯಬಹುದು.

ಪಾಸ್‌ಪೋರ್ಟ್ ಮನೆಯಲ್ಲಿಯೇ ಇರಲಿ, ಕೇಳದ ಹೊರತು ಒಯ್ಯಬೇಡಿ. ರಜೆಯಲ್ಲಿ ಬಂದವರು ಇಲ್ಲಿ ಬಹಳ ಎಡವುತ್ತಾರೆ. ಪೊಲೀಸರು ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಬಹುದು, ಆದರೆ ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಇಲ್ಲೇ ಇರಲಿ, ಕೇಸು ಮುಗಿದ ಮೇಲೆ ಕೊಡುತ್ತೇವೆ’ ಎಂದರೆ ಕನಿಷ್ಠ ರಸೀತಿ ಕೇಳಿ.

ಹಂತ 3: ಒಳಗೆ

ಸಾಕ್ಷಿಗೆ ಪೂರ್ತಿ ಮೌನದ ಹಕ್ಕಿಲ್ಲ. ಕಲಂ 180ರ ಪ್ರಕಾರ ಕೇಳಿದ್ದಕ್ಕೆ ನಿಜ ಹೇಳಬೇಕು. ನಿಮ್ಮನ್ನೇ ಅಪರಾಧದೊಳಗೆ ಸಿಲುಕಿಸುವ ಪ್ರಶ್ನೆಗೆ ಮಾತ್ರ ಉತ್ತರಿಸಬೇಕಾಗಿಲ್ಲ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’, ಮರೆತದ್ದಕ್ಕೆ ‘ನೆನಪಿಲ್ಲ’, ಇವೆರಡನ್ನು ಬೆರೆಸಬೇಡಿ. ‘ಇರಬಹುದು’ ಎಂಬ ಪದವನ್ನು ಮನೆಯಲ್ಲಿಯೇ ಬಿಟ್ಟು ಹೋಗಿ. ‘ಅವನು ಆ ದಿನ ನಿಮ್ಮ ಕೋಣೆಗೆ ಬಂದಿರಬಹುದಲ್ಲ?’ ಎಂಬುದಕ್ಕೆ ಸೌಜನ್ಯಕ್ಕೆ ಕೊಟ್ಟ ‘ಇರಬಹುದು’ ಹೇಳಿಕೆಯಲ್ಲಿ ‘ಬಂದಿದ್ದ’ ಎಂದಾಗುವುದಕ್ಕೆ ಒಂದು ಅನುವಾದ ಸಾಕು.

ವಕೀಲರು ಪಕ್ಕದಲ್ಲಿ ಕೂರಲೇಬೇಕೆಂಬ ಕಲಂ ಸಾಕ್ಷಿಗೆ ಇಲ್ಲ. ಆದರೂ ಕೇಳಿ. ತನ್ನನ್ನೇ ಸಿಲುಕಿಸುವ ಉತ್ತರ ಕೊಡದಿರುವ ಹಕ್ಕು ತನಿಖೆಯ ಹಂತದಲ್ಲಿಯೂ ಇದೆ, ವಕೀಲರ ನೆರವನ್ನೂ ನಿರಾಕರಿಸಬಾರದು ಎಂದು ನಂದಿನಿ ಸತ್ಪತಿ ಪ್ರಕರಣದಲ್ಲಿ 1978ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ವಕೀಲರಿರಲು ಎಷ್ಟೋ ಅಧಿಕಾರಿಗಳು ಒಪ್ಪುತ್ತಾರೆ.

ಈಗ ಸಹಿಯ ವಿಷಯ. ಇದರಲ್ಲಿ ಬಿದ್ದವರಷ್ಟು ಬೇರೆ ಯಾವುದರಲ್ಲೂ ಬಿದ್ದಿಲ್ಲ. ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಾಕ್ಷಿಯಿಂದ ಸಹಿ ಹಾಕಿಸುವಂತಿಲ್ಲ ಎಂದು ಕಲಂ 181 ಸ್ಪಷ್ಟವಾಗಿ ಹೇಳುತ್ತದೆ. ಸಹಿ ಬೇಕಾಗುವುದು ಮಹಜರಿಗೆ (ಜಾಗ ನೋಡಿದ್ದು, ವಸ್ತು ವಶಪಡಿಸಿಕೊಂಡದ್ದರ ದಾಖಲೆ), ನೋಟಿಸು ಮುಟ್ಟಿದ್ದಕ್ಕೆ, ಬಾಂಡಿಗೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ತಲೆಮಾರಿನವರಿಗೆ ಮಲಯಾಳಂ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮಾತು ಬರುತ್ತದೆಂದೇ ಅಧಿಕಾರಿಗಳು ‘ಓದಿಕೊಂಡು ಸಹಿ ಮಾಡಿ’ ಎನ್ನುತ್ತಾರೆ. ಹೇಳಲು ನಾಚಿಕೆಪಟ್ಟು ಸಹಿ ಹಾಕಿಬಿಡುತ್ತೇವೆ. ಹಾಕಲೇಬೇಕಾದ ಒತ್ತಡ ಬಂದರೆ ಸಹಿಯ ಮೇಲುಗಡೆ ನಿಮ್ಮದೇ ಕೈಯಲ್ಲಿ, ಕನ್ನಡದಲ್ಲಿ ಹೀಗೆ ಬರೆಯಿರಿ: ‘ಮಲಯಾಳಂ ಓದಲು ಬಾರದು. ಇದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿಲ್ಲ.’ ದಿನಾಂಕ, ಗಂಟೆ ಸೇರಿಸಿ. ಹಾಳೆಯಲ್ಲಿ ಖಾಲಿ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆಯಿರಿ. ಇಡೀ ಹಾಳೆ ಖಾಲಿಯಾಗಿದ್ದರೆ ಸಹಿ ಇಲ್ಲ, ಏನೇ ಆದರೂ ಇಲ್ಲ.

ಮೊಬೈಲ್ ಕೇಳಿದರೆ ಸುಮ್ಮನೆ ಮೇಜಿನ ಮೇಲಿಟ್ಟು ಬರಬೇಡಿ. ವಶಪಡಿಸಿಕೊಳ್ಳುವುದನ್ನು ವೀಡಿಯೊ ಚಿತ್ರೀಕರಿಸಬೇಕೆಂದು ಕಲಂ 105 ಹೇಳುತ್ತದೆ. ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ), ಸಿಮ್, ಮೆಮೊರಿ ಕಾರ್ಡ್ ಎಲ್ಲವೂ ನಮೂದಾದ ಪಟ್ಟಿಯ ನಕಲು ಪಡೆಯಿರಿ. ಐಎಂಇಐ ಸಂಖ್ಯೆಯನ್ನು ಮನೆಯಲ್ಲಿಯೇ ಬರೆದಿಟ್ಟು ಹೋದರೆ ಒಳ್ಳೆಯದು. ಪಾಸ್‌ವರ್ಡಿನ ಪ್ರಶ್ನೆಯನ್ನು ವಕೀಲರೊಡನೆ ಮೊದಲೇ ಮಾತಾಡಿಕೊಳ್ಳಿ.

ಸುಳ್ಳು ಪತ್ತೆ ಯಂತ್ರ, ಮಂಪರು ಪರೀಕ್ಷೆ, ಮಿದುಳು ಪರೀಕ್ಷೆ, ಇವು ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಬಂದ ತೀರ್ಪು ಇದು, ಸಾಕ್ಷಿಗೂ ಅನ್ವಯಿಸುತ್ತದೆ. ‘ತಪ್ಪಿಲ್ಲದಿದ್ದರೆ ಹೆದರಿಕೆ ಯಾಕೆ?’ ಎಂಬುದು ಒಪ್ಪಿಗೆ ಹೊರಡಿಸುವ ಹಳೆಯ ಮಾತು. ಸುಳ್ಳು ಪತ್ತೆ ಯಂತ್ರಕ್ಕೆ ಒಪ್ಪಿಗೆ ಕೊಡುವುದಾದರೂ ಅದು ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು.

ಪ್ರಶ್ನೆಗಳು ಮುಗಿದಂತೆ ಕಂಡರೂ ಕೂರಿಸಿದರೆ ಒಂದೇ ವಾಕ್ಯ ಕೇಳಿ: ‘ಸಾರ್, ನಾನು ಈಗ ಹೋಗಬಹುದೇ?’ ಹೌದು ಎಂದರೆ ಹೊರಡಿ. ಇಲ್ಲ ಎಂದರೆ ಎರಡನೆಯ ವಾಕ್ಯ: ‘ಹಾಗಾದರೆ ನನ್ನನ್ನು ಬಂಧಿಸಿದ್ದೀರಾ?’ ಧ್ವನಿ ಏರಿಸಬೇಡಿ. ಯಾರು, ಎಷ್ಟು ಗಂಟೆಗೆ, ಏನು ಹೇಳಿದರು ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ‘ಇಲ್ಲ’ ಎಂದ ಆ ಘಳಿಗೆಯೇ ನಿಮ್ಮ 24 ಗಂಟೆಯ ಆರಂಭ. ಬಂಧನದ ಕಾಗದ ಬರೆದ ಹೊತ್ತಿನಿಂದಲ್ಲ, ಸ್ವಾತಂತ್ರ್ಯ ಕಿತ್ತುಕೊಂಡ ಹೊತ್ತಿನಿಂದಲೇ ಲೆಕ್ಕ ಎಂದು ಹೈಕೋರ್ಟುಗಳು ಹೇಳಿವೆ.

ಹಂತ 4: ಹೊರಗಿದ್ದವರು ಮಾಡಬೇಕಾದದ್ದು

ಈ ಭಾಗವನ್ನು ಹೋಗುವವರಿಗಿಂತ ಕಾಯುವವರು ಓದಬೇಕು.

ಕತ್ತಲಾದರೂ ಬಿಡಲಿಲ್ಲ, ಒಳಗೆ ಮಾತಾಡಲೂ ಬಿಡಲಿಲ್ಲ ಎಂದಾಗ ಗೇಟಿನಲ್ಲಿ ಗಲಾಟೆ ಮಾಡಿದರೆ ನಿಮ್ಮ ಮೇಲೂ ಕೇಸು. ಇ-ಮೇಲ್ ಮಾಡಿ: ಠಾಣೆಗೆ, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ, ತನಿಖಾ ಸಂಸ್ಥೆಗೆ, ಕಾನೂನು ಸೇವಾ ಪ್ರಾಧಿಕಾರಕ್ಕೆ, ನಾಲ್ಕಕ್ಕೂ ಒಟ್ಟಿಗೆ. ವಿಷಯ ಇಷ್ಟೇ: ಇಂಥವರು ಸಾಕ್ಷಿಯಾಗಿ ಇಷ್ಟು ಗಂಟೆಗೆ ಒಳಗೆ ಹೋದರು, ಇಷ್ಟು ಗಂಟೆಯಾದರೂ ಹೊರಬಂದಿಲ್ಲ, ಬಂಧಿಸಿದ್ದರೆ ಕಾರಣ ತಿಳಿಸಿ, ಇಲ್ಲದಿದ್ದರೆ ಬಿಡಿ. ಹಿಂದೆ ಇದಕ್ಕೆ ಟೆಲಿಗ್ರಾಂ ಇತ್ತು. ಅದರ ಮೇಲಿನ ಗಂಟೆಯ ಮುದ್ರೆಯನ್ನು ಕೋರ್ಟುಗಳು ನಂಬುತ್ತಿದ್ದವು, ಹಳೆಯ ವಕೀಲರು ಮಧ್ಯರಾತ್ರಿ ಗುಮಾಸ್ತರನ್ನು ಎಬ್ಬಿಸಿ ತಂತಿ ಕಳುಹಿಸುತ್ತಿದ್ದರು. 2013ರ ಜುಲೈಯಲ್ಲಿ ಅದು ನಿಂತಿತು. ಈಗ ಆ ಕೆಲಸ ಇ-ಮೇಲಿನದ್ದು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಲೆಕ್ಕಕ್ಕಿಲ್ಲ. ಅದರಿಂದ ಊರಿಗೆ ಸುದ್ದಿ ಮುಟ್ಟುತ್ತದೆ, ಕೋರ್ಟಿಗೆ ಮುಟ್ಟುವುದಿಲ್ಲ.

ಬಂಧಿತರ ಹೆಸರನ್ನು ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಯಲ್ಲಿ ದಾಖಲಿಸಬೇಕು. ಅಲ್ಲಿಗೆ ಫೋನ್ ಮಾಡಿ, ಹೆಸರಿದೆಯೇ ಎಂದು ಕೇಳಿ, ಉತ್ತರ ಕೊಟ್ಟವರ ಹೆಸರು, ಗಂಟೆ ಬರೆದುಕೊಳ್ಳಿ. ‘ಇಲ್ಲ’ ಎಂಬ ಉತ್ತರ ಒಳ್ಳೆಯ ಸಾಕ್ಷ್ಯ.

ಮರುದಿನವೂ ಬಿಡದಿದ್ದರೆ ಎರಡು ದಾರಿ. ಒಂದು ನಮ್ಮಲ್ಲಿಯೇ ಇದೆ, ಆದರೆ ಯಾರೂ ಬಳಸುವುದಿಲ್ಲ: ಬಿಎನ್‌ಎಸ್‌ಎಸ್ ಕಲಂ 100ರಡಿ, ಅಕ್ರಮವಾಗಿ ಕೂಡಿಹಾಕಿದವರನ್ನು ಹುಡುಕಿ ತರಲು ಜಿಲ್ಲಾ ಮ್ಯಾಜಿಸ್ಟ್ರೇಟರು, ಉಪವಿಭಾಗ ಮ್ಯಾಜಿಸ್ಟ್ರೇಟರು ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಾರಂಟ್ ಕೊಡಬಹುದು. ಕೂಡಿಹಾಕಿದ ಜಾಗ ಜಿಲ್ಲೆಯೊಳಗೇ ಇದ್ದರೆ ಇದು ಬೇಗ. ಇನ್ನೊಂದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಅರ್ಜಿ. ತಂದೆ, ಹೆಂಡತಿ, ಗೆಳೆಯ, ಯಾರೂ ಹಾಕಬಹುದು.

ಕೇರಳದಲ್ಲಿ ಈ ಅರ್ಜಿಗೆ ಒಂದು ಚರಿತ್ರೆಯೇ ಇದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚಿನಲ್ಲಿ, ಕೋಝಿಕ್ಕೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ಅವರನ್ನು ಪೊಲೀಸರು ಹಾಸ್ಟೆಲಿನಿಂದ ಕೊಂಡೊಯ್ದರು. ಕಕ್ಕಯಂ ಶಿಬಿರಕ್ಕೆ ಹೋದವರು ಮತ್ತೆ ಬರಲಿಲ್ಲ. ತಂದೆ ಈಚರ ವಾರಿಯರ್ 1977ರಲ್ಲಿ ಹೈಕೋರ್ಟಿಗೆ ಹೋದಾಗ ಸರ್ಕಾರ ‘ನಾವು ಬಂಧಿಸಿಯೇ ಇಲ್ಲ’ ಎಂದಿತು. ಕೊಂಡೊಯ್ದದ್ದನ್ನು ಕಂಡವರ ಮಾತು, ಬಂಧನವನ್ನು ತಿಳಿಸಿ ಕಾಲೇಜಿನ ಪ್ರಾಂಶುಪಾಲರು ತಂದೆಗೆ ಬರೆದ ಪತ್ರ, ಇಂಥವುಗಳ ಎದುರು ಆ ಮಾತು ನಿಲ್ಲಲಿಲ್ಲ. ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ನೋಟು ಪುಸ್ತಕದ ಮೊದಲ ಸಾಲಿಗೆ ನಾನು ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಹಂತ 5: ಸಾಕ್ಷಿಯನ್ನು ಬಂಧಿತನನ್ನಾಗಿ ಮಾಡಿದರೆ

ಬಂಧನದ ಮೆಮೊದಲ್ಲಿ ಬಂಧಿಸಿದ ಗಂಟೆ ಏನೆಂದು ಬರೆದಿದ್ದಾರೆ ನೋಡಿ. ಬೆಳಿಗ್ಗೆಯಿಂದ ಕೂರಿಸಿ ರಾತ್ರಿ ಹನ್ನೊಂದು ಎಂದು ಬರೆದಿದ್ದರೆ ಸಹಿಯ ಪಕ್ಕ ‘ಬೆಳಿಗ್ಗೆ ಹತ್ತರಿಂದ ಇಲ್ಲಿಯೇ ಇದ್ದೇನೆ’ ಎಂದು ಬರೆಯಿರಿ. ಮೆಮೊಗೆ ಮನೆಯವರೋ ಊರಿನ ಗಣ್ಯರೊಬ್ಬರೋ ಸಾಕ್ಷಿ ಹಾಕಬೇಕು.

ಯುಎಪಿಎ ಪ್ರಕರಣದಲ್ಲಿ ಬಂಧನದ ಕಾರಣವನ್ನು ಬರೆದೇ ಕೊಡಬೇಕು ಎಂದು 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಎಲ್ಲ ಅಪರಾಧಗಳಲ್ಲೂ ಬಂಧಿತನಿಗೆ ತಿಳಿಯುವ ಭಾಷೆಯಲ್ಲಿಯೇ ಅದು ಇರಬೇಕೆಂದಿತು. ಗಡಿನಾಡಿನ ಕನ್ನಡಿಗರಿಗೆ ಇದಕ್ಕಿಂತ ಉಪಯುಕ್ತ ತೀರ್ಪು ಇತ್ತೀಚೆಗೆ ಬಂದಿಲ್ಲ. ಮಲಯಾಳಂ ಅಥವಾ ಇಂಗ್ಲಿಷ್ ಕಾಗದ ಕೊಟ್ಟರೆ ‘ಕನ್ನಡದಲ್ಲಿ ಕೊಡಿ’ ಎಂದು ಅಲ್ಲಿಯೂ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿ.

ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವುದು ಕೆಲವೇ ನಿಮಿಷ. ‘ಏನಾದರೂ ಹೇಳಲಿಕ್ಕಿದೆಯೇ?’ ಎಂದು ಕೇಳಿದಾಗ ಹಿಂದೆ ನಿಂತ ಪೊಲೀಸರನ್ನು ನೋಡಿ ‘ಇಲ್ಲ’ ಎಂದುಬಿಡುತ್ತಾರೆ. ಹೊಡೆದಿದ್ದರೆ ಹೇಳಬೇಕಾದ ಜಾಗ ಇದೇ. ಎಲ್ಲಿ, ಯಾವುದರಿಂದ, ಎಷ್ಟು ಹೊತ್ತಿಗೆ ಎಂದು ಹೇಳಿ, ಗಾಯ ತೋರಿಸಿ, ವೈದ್ಯಕೀಯ ಪರೀಕ್ಷೆ ಕೇಳಿ. ಇಲ್ಲಿ ಸುಮ್ಮನಿದ್ದು ಮೂರು ತಿಂಗಳ ನಂತರ ಜಾಮೀನು ಅರ್ಜಿಯಲ್ಲಿ ಬರೆದರೆ ‘ಅಂದೇಕೆ ಹೇಳಲಿಲ್ಲ?’ ಎಂಬ ಪ್ರಶ್ನೆ ಕಾದಿರುತ್ತದೆ. ಯುಎಪಿಎಯಲ್ಲಿ ಪೊಲೀಸ್ ವಶ 30 ದಿನದವರೆಗೆ, ಆರೋಪಪಟ್ಟಿಗೆ ಮುಂಚಿನ ಸೆರೆ 180 ದಿನದವರೆಗೆ ಹೋಗಬಹುದು. ಆ ಅವಧಿಯಲ್ಲಿ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು ಎನ್ನುವುದು 1996ರ ಡಿ.ಕೆ. ಬಸು ತೀರ್ಪಿನ ನಿಯಮ.

ಹಂತ 6: ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ ಮತ್ತು ಮಾಫಿ ಸಾಕ್ಷಿಯ ಆಮಿಷ

ಪೊಲೀಸರ ಮುಂದೆ ಹೇಳಿದ್ದು ಮುಂದೆ ನಿಮ್ಮನ್ನು ಅಷ್ಟಾಗಿ ಕಟ್ಟಿಹಾಕುವುದಿಲ್ಲ. ಆದ್ದರಿಂದ ಸಾಕ್ಷಿಯನ್ನು ಕಲಂ 183ರಡಿ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ದು ಪ್ರಮಾಣದ ಮೇಲೆ ಹೇಳಿಸುತ್ತಾರೆ (ಹಿಂದೆ ಇದು 164). ಆಮೇಲೆ ಬದಲಿಸಿ ಹೇಳಿದರೆ ಸುಳ್ಳು ಸಾಕ್ಷ್ಯದ ಕೇಸು ಬರಬಹುದು. ದಾರಿಯಲ್ಲಿ ಜೀಪಿನಲ್ಲಿ ಪಾಠ ಒಪ್ಪಿಸಿಕೊಂಡವರಿದ್ದಾರೆ. ಕೋಣೆಯೊಳಗೆ ಹೋದ ಮೇಲೆ ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಹೇಳಿ: ‘ನನ್ನನ್ನು ಎರಡು ದಿನದಿಂದ ಠಾಣೆಯಲ್ಲಿ ಇಟ್ಟಿದ್ದಾರೆ, ಹೀಗೆ ಹೇಳಬೇಕೆಂದು ಕಲಿಸಿದ್ದಾರೆ.’ ತಪ್ಪೊಪ್ಪಿಗೆಗೆ ಮನಸ್ಸಿಲ್ಲ ಎಂದು ಹೇಳಿದವರನ್ನು ಪೊಲೀಸ್ ವಶಕ್ಕೆ ಮರಳಿ ಕೊಡುವಂತಿಲ್ಲ ಎಂದು ಅದೇ ಕಲಂ ಹೇಳುತ್ತದೆ.

‘ಮಾಫಿ ಸಾಕ್ಷಿಯಾಗು, ಬಿಟ್ಟುಬಿಡುತ್ತೇವೆ’ ಎಂಬುದು ಅರ್ಧ ಸತ್ಯ. ಕಲಂ 343ರ ಪ್ರಕಾರ, ಮೊದಲೇ ಜಾಮೀನಿನ ಮೇಲೆ ಇರದಿದ್ದರೆ, ಮಾಫಿ ಸಾಕ್ಷಿಯನ್ನು ವಿಚಾರಣೆ ಮುಗಿಯುವವರೆಗೆ ಸೆರೆಯಲ್ಲಿಯೇ ಇಡಬೇಕು. ಭಯೋತ್ಪಾದನೆ ಪ್ರಕರಣಗಳು ಎಷ್ಟು ವರ್ಷ ಎಳೆಯುತ್ತವೆಂದು ನಿಮಗೇ ಗೊತ್ತು. ಕ್ಷಮೆ ಕೊಡುವವರು ಪೊಲೀಸರೂ ಅಲ್ಲ, ಕೋರ್ಟು.

ಹಂತ 7: ಹೊರಬಂದ ದಿನವೇ ಆಸ್ಪತ್ರೆ

ಮನೆಗೆ ಹೋಗಿ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡು ಮಲಗಬೇಕೆನ್ನಿಸುತ್ತದೆ. ಅದು ಆಮೇಲೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ‘ಬಿದ್ದೆ’ ಎನ್ನಬೇಡಿ, ಯಾರು ಹೊಡೆದರು, ಯಾವುದರಿಂದ, ಯಾವಾಗ ಎಂದು ಹೇಳಿ, ವೈದ್ಯರು ಅದನ್ನೇ ಬರೆದುಕೊಳ್ಳಬೇಕು. ವೂಂಡ್ ಸರ್ಟಿಫಿಕೇಟ್ ಎಂದು ಎಲ್ಲರೂ ಕರೆಯುವ ಗಾಯದ ಪತ್ರ ಹುಟ್ಟುವುದು ಆ ಬರಹದಿಂದ. ಅಂಗಾಲಿಗೆ ಹೊಡೆದದ್ದು ಮೇಲೆ ಕಾಣುವುದಿಲ್ಲ, ಬಾವು ಮಾತ್ರ ಇರುತ್ತದೆ. ಚಪ್ಪಲಿ ಹಾಕಲಾಗುತ್ತಿಲ್ಲ, ನಡೆಯಲಾಗುತ್ತಿಲ್ಲ ಎಂಬುದನ್ನೂ ಹೇಳಿ ಬರೆಸಿ. ಮೂತ್ರದಲ್ಲಿ ರಕ್ತ, ಕಿವಿ ಮಂದವಾದದ್ದು, ಬೆರಳು ಜೋಮು ಹಿಡಿದದ್ದು ಯಾವುದನ್ನೂ ನಾಚಿಕೆಯಿಂದ ಬಿಡಬೇಡಿ.

ಬಾಸುಂಡೆಯ ಬಣ್ಣ ದಿನದಿನಕ್ಕೆ ಬದಲಾಗುತ್ತದೆ, ಎರಡು ವಾರದಲ್ಲಿ ಮಾಯವಾಗಬಹುದು. ಹಗಲಿನ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಗಾಯದ ಪಕ್ಕ ಒಂದು ನಾಣ್ಯ ಇಡಿ, ಮುಖವೂ ಕಾಣುವ ಒಂದು ಚಿತ್ರ ಇರಲಿ, ಮೂರನೆಯ ದಿನ ಮತ್ತೆ ತೆಗೆಯಿರಿ. ಹಾಕಿಕೊಂಡಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ನಿದ್ದೆ ಬಾರದಿರುವುದು, ಗೇಟಿನ ಸದ್ದಿಗೆ ಬೆಚ್ಚುವುದು ಕೂಡ ದಾಖಲಾಗಬೇಕಾದ ಹಾನಿಯೇ. ಚಿತ್ರಹಿಂಸೆಯ ದಾಖಲಾತಿಗೆ ವಿಶ್ವಸಂಸ್ಥೆ ಹೊರತಂದ ಇಸ್ತಾಂಬುಲ್ ಪ್ರೋಟೊಕಾಲಿನಲ್ಲಿ ಮನಸ್ಸಿನ ಗಾಯಕ್ಕೂ ದೇಹದ ಗಾಯದಷ್ಟೇ ಜಾಗವಿದೆ.

ಅದೇ ವಾರ ಸಿಸಿಟಿವಿ ಪತ್ರ ಬರೆಯಿರಿ. 2020ರ ಡಿಸೆಂಬರಿನ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಎಲ್ಲ ಠಾಣೆಗಳಲ್ಲೂ ಎನ್‌ಐಎಯಂಥ ಸಂಸ್ಥೆಗಳ ಕಚೇರಿಗಳಲ್ಲೂ ಕ್ಯಾಮೆರಾ ಇರಬೇಕೆಂದೂ ದೃಶ್ಯವನ್ನು 18 ತಿಂಗಳು ಕಾಪಾಡಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿದೆ. ‘ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸಬಾರದು’ ಎಂದು ಗಂಟೆ ಸಹಿತ ಕೇಳಿ. ‘ಎಲ್ಲ ದೃಶ್ಯ ಕೊಡಿ’ ಎಂದು ಬರೆದ ಪತ್ರಗಳು ಕಡತದಲ್ಲಿಯೇ ನಿದ್ದೆ ಹೋಗುತ್ತವೆ.

ಹಂತ 8: ದೂರು, ಕನ್ನಡದಲ್ಲಿಯೇ

ಚಿತ್ರಹಿಂಸೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಇನ್ನೂ ಸ್ಥಿರೀಕರಿಸಿಲ್ಲ. ಆದರೆ ತಪ್ಪೊಪ್ಪಿಗೆಯನ್ನೋ ಮಾಹಿತಿಯನ್ನೋ ಹೊರಡಿಸಲು ಹೊಡೆದರೆ ನ್ಯಾಯ ಸಂಹಿತೆಯ ಕಲಂ 120ರಲ್ಲಿ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ‘ಮಾಹಿತಿ’ ಎಂಬ ಪದ ಅಲ್ಲಿರುವುದು ಸಾಕ್ಷಿಗಳ ಪಾಲಿಗೆ ದೊಡ್ಡದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಅಲ್ಲಿಂದ ಮ್ಯಾಜಿಸ್ಟ್ರೇಟರಿಗೆ.

ರಾಜ್ಯ ಪೊಲೀಸರ ವಿರುದ್ಧವಾದರೆ 2011ರ ಕೇರಳ ಪೊಲೀಸ್ ಕಾಯ್ದೆಯಡಿ ಜಿಲ್ಲಾ ಮತ್ತು ರಾಜ್ಯ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿವೆ. ಎನ್‌ಐಎ ಇವುಗಳ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಅಥವಾ ಹೈಕೋರ್ಟ್. ಆಯೋಗಕ್ಕೆ ಶುಲ್ಕವಿಲ್ಲ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲೂ ಬರೆಯಬಹುದು. ಘಟನೆಯಾಗಿ ಒಂದು ವರ್ಷ ದಾಟಿದರೆ ಅವರು ಮುಟ್ಟುವುದಿಲ್ಲ. ರಾಜ್ಯದ ಕಚೇರಿಗಳಿಗೂ ಕನ್ನಡದಲ್ಲಿಯೇ ಬರೆಯಿರಿ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಇನ್ನೊಬ್ಬರು ಮಲಯಾಳಂನಲ್ಲಿ ಬರೆದುಕೊಟ್ಟ ದೂರಿನಲ್ಲಿ ಯಾವ ಪೆಟ್ಟು ಎಲ್ಲಿ ಬಿತ್ತೆಂಬುದು ಅದಲುಬದಲಾಗಿ, ಅದನ್ನೇ ಹಿಡಿದು ದೂರನ್ನು ಸುಳ್ಳೆಂದು ತಳ್ಳಿದ್ದನ್ನು ನೋಡಿದ್ದೇನೆ.

ತಡವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕರ್ನಾಟಕ–ತಮಿಳುನಾಡು ಗಡಿಯಲ್ಲಿ ವೀರಪ್ಪನ್ ಶೋಧದ ಹೆಸರಿನಲ್ಲಿ ಹಳ್ಳಿಯವರನ್ನು ಹಿಡಿದು ಮಲೆ ಮಹದೇಶ್ವರ ಬೆಟ್ಟದ ‘ವರ್ಕ್‌ಶಾಪ್’ ಎಂಬಲ್ಲಿ ಹಿಂಸಿಸಿದ ದೂರುಗಳಿಗೆ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ನೇಮಿಸಿತು. 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಬಂದದ್ದು 2007ರಲ್ಲಿ.

ಹಂತ 9: ಬೆದರಿಕೆ ಇದ್ದರೆ, ಮತ್ತು ಮೊಬೈಲ್ ವಾಪಸು

ಬೆದರಿಕೆ ಪೊಲೀಸರ ಕಡೆಯಿಂದಲೇ ಬರಬೇಕೆಂದಿಲ್ಲ, ಆರೋಪಿಗಳ ಕಡೆಯಿಂದಲೂ ಬರುತ್ತದೆ. 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಹಾಕಬಹುದು. ಯುಎಪಿಎ 44 ಮತ್ತು ಎನ್‌ಐಎ ಕಾಯ್ದೆಯ 17ನೇ ಕಲಮಿನಡಿ ಹೆಸರು, ವಿಳಾಸ ಗುಟ್ಟಾಗಿಡಲು ಕೋರ್ಟನ್ನೇ ಕೇಳಬಹುದು. ಪೊಲೀಸರಿಗೆ ಹೆದರುವವರು ಈ ಯೋಜನೆಯಲ್ಲಿ ಬೆದರಿಕೆಯ ವರದಿ ಬರೆಯುವವರೂ ಪೊಲೀಸರೇ ಎಂಬುದನ್ನು ತಿಳಿದುಕೊಂಡು ಅರ್ಜಿಯಲ್ಲಿಯೇ ಆ ಭಯವನ್ನು ಬರೆಯಿರಿ.

ಮೊಬೈಲ್ ತಾನಾಗಿ ಬರುವುದಿಲ್ಲ. ವಶಪಡಿಸಿಕೊಂಡ ಪಟ್ಟಿಯ ನಕಲು, ಖರೀದಿ ರಸೀತಿ ಅಥವಾ ಡಬ್ಬದ ಮೇಲಿನ ಐಎಂಇಐ ಸಂಖ್ಯೆಯೊಂದಿಗೆ ಸಂಬಂಧಪಟ್ಟ ಕೋರ್ಟಿಗೆ ವಕೀಲರ ಮೂಲಕ ಅರ್ಜಿ ಹಾಕಬೇಕು. ಯುಎಪಿಎ ಪ್ರಕರಣವಾದರೆ ಅದು ಎರ್ನಾಕುಳಂನ ವಿಶೇಷ ನ್ಯಾಯಾಲಯವಾಗಿರಬಹುದು. ಅಷ್ಟರವರೆಗೆ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ, ಬ್ಯಾಂಕಿನ ಒಟಿಪಿಗಳೆಲ್ಲ ಆ ನಂಬರಿಗೇ ಬರುತ್ತವೆ. ಹಳೆಯ ಸಿಮ್ ಕೇಸಿನ ವಸ್ತುವಾದ್ದರಿಂದ, ಹೊಸದನ್ನು ಪಡೆದ ವಿಷಯವನ್ನು ತನಿಖಾಧಿಕಾರಿಗೆ ಎರಡು ಸಾಲಿನ ಪತ್ರದಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳಿ.